ಒಂದು ಪಿಸಿಯ ಹಾರ್ಡ್ ಡಿಸ್ಕನ್ನು ಲ್ಯಾಬಿನ 30 ಪಿಸಿಗೂ ನೆಟ್‌ವರ್ಕಿನಲ್ಲೇ ಇಳಿಸಬೇಕು, ಮಾಡಿದವರು ಹೇಳಿ

ಕೊಪ್ಪಳ_ಲ್ಯಾಬ್
ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಹತ್ತಿರ ಡಿಗ್ರಿ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. 30 ಪಿಸಿ, ಎಲ್ಲಾ ಒಂದೇ ಮಾಡೆಲ್, 256 ಜಿಬಿ ಎಸ್‌ಎಸ್‌ಡಿ. ಒಂದರಲ್ಲಿ ವಿಂಡೋಸ್ 11, ಟ್ಯಾಲಿ, ನುಡಿ, ಪೈಥಾನ್ ಹಾಕಿ ರೆಡಿ ಮಾಡಿದ್ದೇನೆ. 60 ಜಿಬಿ ತುಂಬಿದೆ. ಉಳಿದವಕ್ಕೆ ನೆಟ್‌ವರ್ಕಿನಲ್ಲೇ ಕ್ಲೋನ್ (ಇದ್ದಂತೆಯೇ ನಕಲು) ಆಗಬೇಕು. ಸ್ವಿಚ್ ಹಳೇದು, 100 ಎಂಬಿಪಿಎಸ್. ಹೊಸದಕ್ಕೆ ದುಡ್ಡು ಕೇಳುವ ಹಾಗಿಲ್ಲ. ಇದಕ್ಕೆ ಕ್ಲೋನ್‌ಜಿಲ್ಲಾ ಸಾಫ್ಟ್‌ವೇರ್ ಒಳ್ಳೇದಾ, ಫಾಗ್ ಸಾಫ್ಟ್‌ವೇರ್ ಒಳ್ಳೇದಾ? ಸೋಮವಾರದಿಂದ ಪ್ರಾಕ್ಟಿಕಲ್ಸ್.

ಬಿಸಿಲೂರು_ರಾಯಚೂರು
ಕ್ಲೋನ್‌ಜಿಲ್ಲಾ ಸರ್ವರ್ ಎಡಿಷನ್, ಮಲ್ಟಿಕಾಸ್ಟ್ (ಒಂದೇ ಸಲ ಕಳಿಸಿದ್ದನ್ನು ಎಲ್ಲಾ ಪಿಸಿ ಪಡೆಯುವುದು). ಬೇರೆ ಮಾತೇ ಬೇಡ. ನಮ್ಮ ಲ್ಯಾಬಿನಲ್ಲಿ ಮಾಡಿದ್ದು ಇದನ್ನೇ. ಆದರೆ ಸಾಫ್ಟ್‌ವೇರ್ ಪುಕ್ಕಟೆ ಅಂತ ಹಿಗ್ಗಬೇಡಿ. ದುಡ್ಡು ತಿಂದದ್ದು ಕೇಬಲ್. ಕೆಲಸ ಹಿಡಿದವನು ಕ್ಯಾಟ್ 6 ಅಂತ ಬಿಲ್ ಹಾಕಿ, ಅಲ್ಯೂಮಿನಿಯಂಗೆ ತಾಮ್ರ ಬಳಿದ ತಂತಿ ಎಳೆದು ಹೋಗಿದ್ದ. ಹಳೇ ಸ್ವಿಚ್ಚಿನಲ್ಲಿ ಅದು ಗೊತ್ತೇ ಆಗಲಿಲ್ಲ. 100ಕ್ಕೆ ನಾಲ್ಕು ತಂತಿ ಸರಿ ಇದ್ದರೆ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು. ಕೊನೆಗೆ ಎಲ್ಲಾ ಕಿತ್ತು ಹೊಸದು ಹಾಕಿಸಿದೆ. 24 ಪೋರ್ಟ್ ಗಿಗಾಬಿಟ್ ಸ್ವಿಚ್ 6,800. 305 ಮೀಟರ್ ಕೇಬಲ್ ಬಾಕ್ಸ್ 8,400. ಆರ್‌ಜೆ45 ಕನೆಕ್ಟರ್ ನೂರರ ಪ್ಯಾಕೆಟ್ 650. ಕ್ರಿಂಪ್ ಮಾಡುವವನು ತುದಿಗೆ 40 ಕೇಳಿದ, ಜಗಳಾಡಿ 30ಕ್ಕೆ ಇಳಿಸಿದೆ. ಇದರಲ್ಲಿ ಅರ್ಧ ದುಡ್ಡು ಇನ್ನೂ ನನ್ನ ಕೈಗೆ ವಾಪಸ್ ಬಂದಿಲ್ಲ. ಆಡಿಟ್ ಆಬ್ಜೆಕ್ಷನ್ ಅಂತೆ!

ಮಲ್ಟಿಕಾಸ್ಟಿನಲ್ಲಿ ಎಲ್ಲಾ ಪಿಸಿ ಒಟ್ಟಿಗೇ ಸಾಗುತ್ತವೆ. ಅತಿ ನಿಧಾನ ಯಾವುದೋ ಅದರದ್ದೇ ಎಲ್ಲರ ವೇಗ. ನಮ್ಮಲ್ಲಿ ಕಿಟಕಿ ಪಕ್ಕದ ಒಂದು ಪೋರ್ಟ್ 10 ಎಂಬಿಪಿಎಸ್‌ಗೆ ಬಿದ್ದಿತ್ತು. ಇಡೀ ಲ್ಯಾಬ್ ಕುಂಟೆತ್ತು ಕಟ್ಟಿದ ಬಂಡಿ ಆಯಿತು. ಆ ಕೇಬಲ್ ಕಿತ್ತ ಮೇಲೆ ಓಡಿತು. ಅಷ್ಟರಲ್ಲಿ ಪ್ರಿನ್ಸಿಪಾಲರ ಕೋಣೆಯ ವೈಫೈ ಸತ್ತಿತ್ತು. ಅದೂ ಅದೇ ಸ್ವಿಚ್ಚಿಗೆ ಇತ್ತಲ್ಲ, ಸಾದಾ ಸ್ವಿಚ್ ಮಲ್ಟಿಕಾಸ್ಟನ್ನು ಎಲ್ಲಾ ಪೋರ್ಟಿಗೂ ಸುರಿಯುತ್ತೆ. ಬೈಸಿಕೊಂಡವನು ನಾನು.

ಕೌಲ್_ಬಜಾರ್_ಸರ್ವಿಸ್
ಅಲ್ರೀ, 17 ಸಾವಿರ ಸುರಿದು ಮಾಡುವ ಕೆಲಸವಾ ಇದು? ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್‌ಗಳ ಪಿಸಿ ಎಲ್ಲಾ ನಾನು ಡಾಕ್‌ನಲ್ಲೇ ಕ್ಲೋನ್ ಮಾಡುವುದು. 2,350ಕ್ಕೆ ಎರಡು ಡಿಸ್ಕ್ ಸಿಕ್ಕಿಸುವ ಡಬಲ್ ಡಾಕ್. ಮಾಸ್ಟರ್ ಒಂದು ಕಡೆ, ಖಾಲಿ ಡಿಸ್ಕ್ ಇನ್ನೊಂದು ಕಡೆ, ಬಟನ್ ಒತ್ತಿ ಚಹಾ ಕುಡಿದು ಬನ್ನಿ. ಹೇಗೂ ಕೇಸ್ ಬಿಚ್ಚುತ್ತೀರಿ, ಬ್ಲೋವರ್ ಹೊಡೆದು ಕೆಂಪು ಧೂಳು ತೆಗೆಯಿರಿ, 25 ರೂಪಾಯಿಯ ಸಿಎಂಒಎಸ್ ಸೆಲ್ ಬದಲಿಸಿ. ಸ್ಕ್ರೂ ಮಾತ್ರ ಡಬ್ಬಿಯಲ್ಲಿ ಇಡಿ. ನನ್ನ ಹುಡುಗ ಒಮ್ಮೆ ಎರಡೂ ಡಿಸ್ಕ್ ಅದಲು ಬದಲು ಇಟ್ಟ, ಖಾಲಿ ಡಿಸ್ಕೇ ಮಾಸ್ಟರ್ ಮೇಲೆ ಕಾಪಿ ಆಯಿತು. ಪಾರ್ಟಿಗೆ 4,000 ಬಿಲ್ ಬಿಟ್ಟುಕೊಟ್ಟೆ. ಆಮೇಲೆ ಅವನು ಪೇಂಟ್‌ನಲ್ಲಿ ಬಾಣದ ಗುರುತು ಹಾಕಿದ.

ಸಿಂಧನೂರು_ಫಾಗ್
ಅಣ್ಣ, ನಿಮ್ಮ ಡಾಕ್ 60 ಜಿಬಿ ಇದ್ದರೂ 256 ಜಿಬಿ ಪೂರ್ತಿ ಕಾಪಿ ಮಾಡುತ್ತೆ. ಅದನ್ನ ಹೇಳಲೇ ಇಲ್ಲ. ಇವರದ್ದು 29 ಡಿಸ್ಕ್. ಎಷ್ಟು ಚಹಾ ಕುಡಿಸುತ್ತೀರಿ?

ಫಾಗ್ ಹಾಕಿ ಸರ್. ಒಮ್ಮೆ ಪಿಸಿ ರಿಜಿಸ್ಟರ್ ಮಾಡಿದರೆ ಮುಂದಿನ ವರ್ಷ ಕುರ್ಚಿಯಿಂದ ಏಳದೆ ಮತ್ತೆ ಇಮೇಜ್ (ಡಿಸ್ಕಿನ ನಕಲು) ಇಳಿಸಬಹುದು. ಪಿಸಿ ಹೆಸರು ಲ್ಯಾಬ್01, ಲ್ಯಾಬ್02 ಅಂತ ಅದೇ ಬದಲಿಸುತ್ತೆ. ನಾನು ಒದ್ದಾಡಿದ್ದು ಪಿಸಿಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ. ನಮ್ಮ ಸಂಸ್ಥೆಯ ರೌಟರ್ ಒಂದು ಕಡೆ ಐಪಿ ಹಂಚುತ್ತಿತ್ತು, ಫಾಗ್ ಇನ್ನೊಂದು ಕಡೆ. ಫೀ ಕೌಂಟರಿನ ನೆಟ್ ಹೋಯಿತು, ಅಡ್ಮಿಷನ್ ಸಮಯ ಬೇರೆ. ಡಿಎನ್‌ಎಸ್‌ಮಾಸ್ಕ್ ಅನ್ನುವ ಸಾಫ್ಟ್‌ವೇರ್ ಹಾಕಿ ಪ್ರಾಕ್ಸಿ ಡಿಎಚ್‌ಸಿಪಿ (ಐಪಿ ಹಂಚದೆ ಬೂಟ್ ಫೈಲ್ ಮಾತ್ರ ತೋರಿಸುವುದು) ಮಾಡಿದ ಮೇಲೆ ರೌಟರ್ ಅದರ ಪಾಡಿಗೆ ಅದು, ಫಾಗ್ ಇದರ ಪಾಡಿಗೆ ಇದು. ಆಮೇಲೆ ಯುಇಎಫ್‌ಐ, ಅಂದರೆ ಹೊಸ ಪಿಸಿಗಳ ಬಯೋಸ್. ನೆಟ್‌ವರ್ಕಿನಿಂದ ಬೂಟ್ ಆಗಲು ಹಳೇ ಪಿಸಿಗೆ ಅನ್‌ಡಿಯೋನ್ಲಿ ಫೈಲ್, ಹೊಸದಕ್ಕೆ ಇಎಫ್‌ಐ ಫೈಲ್, ಸೆಕ್ಯೂರ್ ಬೂಟ್ ಆಫ್. ಒಂದೊಂದು ಪಿಸಿಯ ಬಯೋಸ್ ಒಳಗೂ ಹೋಗಿ ಬಂದೆ. ಅದಕ್ಕೆ ನನಗೆ ಸಂಬಳ ಯಾರೂ ಕೊಡಲಿಲ್ಲ.

ಮತ್ತೆ, ಸಿಸ್‌ಪ್ರೆಪ್ (ಕ್ಲೋನಿಗೆ ಮುಂಚೆ ಪಿಸಿಯ ಗುರುತು ಅಳಿಸುವ ವಿಂಡೋಸ್ ಟೂಲ್) ಮಾಡದೆ ಇಮೇಜ್ ತೆಗೆಯಲೇಬೇಡಿ. ಎಲ್ಲಾ ಪಿಸಿಗೂ ಒಂದೇ ಎಸ್‌ಐಡಿ (ವಿಂಡೋಸ್ ಪಿಸಿಗೆ ಕೊಡುವ ಗುರುತಿನ ಸಂಖ್ಯೆ) ಆಗುತ್ತೆ.

ಬಿಸಿಲೂರು_ರಾಯಚೂರು
ಶುರುವಾಯಿತು ಎಸ್‌ಐಡಿ ಪುರಾಣ. 2009ರಲ್ಲೇ ಮೈಕ್ರೋಸಾಫ್ಟಿನ ಮಾರ್ಕ್ ರುಸಿನೋವಿಚ್ ಇದು ಸುಳ್ಳು ಭಯ ಅಂತ ಬರೆದು, ಎಸ್‌ಐಡಿ ಬದಲಿಸಲು ತಾವೇ ಮಾಡಿದ್ದ ನ್ಯೂಎಸ್‌ಐಡಿ ಟೂಲನ್ನೇ ನಿಲ್ಲಿಸಿದರು. ಸ್ವಲ್ಪ ಓದಿ ಬನ್ನಿ. ಸಿಸ್‌ಪ್ರೆಪ್ ಮಾಡಲು ಹೋದರೆ ಸ್ಟೋರ್ ಆಪ್ ಯಾವುದೋ ಒಂದು ಯೂಸರಿಗೆ ಮಾತ್ರ ಇದೆ ಅಂತ ಎರರ್ ಕೊಟ್ಟು ನಿಲ್ಲುತ್ತೆ. ಒಂದು ಆಪ್ ತೆಗೆದರೆ ಇನ್ನೊಂದರ ಹೆಸರು ಹೇಳುತ್ತೆ. ಸುಮ್ನೆ ತಲೆನೋವು.

ಸಿಂಧನೂರು_ಫಾಗ್
ನೀವು 2009ರಲ್ಲೇ ಕೂತಿದ್ದೀರಿ ಸರ್. 2025ರ ಆಗಸ್ಟ್ ಕೊನೆಯಿಂದ ಬಂದ ಅಪ್‌ಡೇಟ್‌ಗಳಲ್ಲಿ ವಿಂಡೋಸ್ 11 ಎಸ್‌ಐಡಿ ಚೆಕ್ ಮಾಡುತ್ತಿದೆ. ಎರಡು ಪಿಸಿಯದ್ದು ಒಂದೇ ಆಗಿದ್ದರೆ ಶೇರ್ ಮಾಡಿದ ಫೋಲ್ಡರ್ ತೆರೆಯಲ್ಲ, ರಿಮೋಟ್ ಡೆಸ್ಕ್‌ಟಾಪ್ ಆಗಲ್ಲ. ಪಾಸ್‌ವರ್ಡ್ ಸರಿ ಕೊಟ್ಟರೂ ತಪ್ಪು ಅನ್ನುತ್ತೆ. ಇದನ್ನ ಹೇಳಿದ್ದು ನಿಮ್ಮ ಅದೇ ಮೈಕ್ರೋಸಾಫ್ಟ್. ಟ್ಯಾಲಿ ಡೇಟಾ ಒಂದು ಪಿಸಿಯಲ್ಲಿಟ್ಟು ಉಳಿದವರು ಶೇರ್‌ನಿಂದ ತೆರೆಯುವ ಲ್ಯಾಬಿಗೆ ಇದು ಬೇಕೇ ಬೇಕು. ಎರರ್ ಬಂತು ಅಂತ ಸಿಸ್‌ಪ್ರೆಪ್ ಬಿಡುತ್ತೀರಾ? ಮಾಸ್ಟರ್ ಪಿಸಿಗೆ ನೆಟ್ ಕೊಡದೆ ಇನ್‌ಸ್ಟಾಲ್ ಮಾಡಿದ್ದರೆ ಆ ಆಪ್‌ಗಳು ತಾವಾಗೇ ಅಪ್‌ಡೇಟ್ ಆಗುತ್ತಿರಲಿಲ್ಲ.

ಬಿಸಿಲೂರು_ರಾಯಚೂರು
ನಮ್ಮ ಲ್ಯಾಬಿನಲ್ಲಿ ವಿಂಡೋಸ್ 10. ಅಲ್ಲಿ ಏನೂ ಆಗಿಲ್ಲ.

ಸಿಂಧನೂರು_ಫಾಗ್
ಅದಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಶುಭವಾಗಲಿ.

ಮಾನ್ವಿ_ಟೀಚರ್
ಇಷ್ಟೆಲ್ಲಾ ಗಲಾಟೆ ವಿಂಡೋಸ್ ಸಲುವಾಗಿ. ನಾವು ಉಬುಂಟು ಹಾಕಿಕೊಂಡು ಆರಾಮಾಗಿದ್ದೇವೆ. ಅದು ಇರಲಿ, ಆ ಇಮೇಜ್‌ನಲ್ಲಿ ನುಡಿ ಹಾಕಿದ್ದೀರಲ್ಲ, ಮಕ್ಕಳಿಗೆ ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಕಲಿಸುತ್ತೀರೋ ಇಲ್ಲ ಹಳೇ ಫಾಂಟಿನಲ್ಲೋ? ಹಳೇ ಫಾಂಟಿನಲ್ಲಿ ಬರೆದ ಪತ್ರ ನನ್ನ ಮೊಬೈಲಿಗೆ ಬಂದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸು. ಒಮ್ಮೆ ಪ್ರಶ್ನೆಪತ್ರಿಕೆಯನ್ನೇ ಹಾಗೆ ಕಳಿಸಿದ್ದರು.

ಕೊಪ್ಪಳ_ಲ್ಯಾಬ್
ಎಲ್ಲರಿಗೂ ಧನ್ಯವಾದ. ನನ್ನ 100 ಎಂಬಿಪಿಎಸ್ ಸ್ವಿಚ್ಚಿನಲ್ಲೇ ಆಗುತ್ತಾ ಇಲ್ವಾ, ಅದೊಂದು ಯಾರಾದರೂ ಹೇಳಿ.

ಗಂಗಾವತಿ_ಮಿಲ್_ಐಟಿ
ಆಗುತ್ತೆ. 100ರ ಸ್ವಿಚ್ಚಿನಲ್ಲಿ ಸೆಕೆಂಡಿಗೆ ನಿಜವಾಗಿ ಸಿಗುವುದು 11 ಎಂಬಿ ಆಸುಪಾಸು. ನಿಮ್ಮ 60 ಜಿಬಿ ಕಂಪ್ರೆಸ್ ಆಗಿ 35 ಆಯಿತು ಅಂತಿಟ್ಟುಕೊಳ್ಳಿ. ಮಲ್ಟಿಕಾಸ್ಟ್ ಮಾಡಿದರೆ ಎಲ್ಲಕ್ಕೂ ಸೇರಿ ಒಂದು ಗಂಟೆ. ಒಂದೊಂದಕ್ಕೇ ಬೇರೆ ಬೇರೆ ಕಳಿಸಿದರೆ ಒಂದು ದಿನ ದಾಟುತ್ತೆ. ಆದರೆ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿದ್ದರೆ ತಾನಾಗೇ ಆನ್ ಆಗಿರಬಹುದು. ಆಗ ಕ್ಲೋನ್‌ಜಿಲ್ಲಾಗೆ ಒಳಗಿನ ಫೈಲ್ ಯಾವುದು, ಖಾಲಿ ಜಾಗ ಯಾವುದು ಗೊತ್ತಾಗಲ್ಲ, ಡಿಸ್ಕ್ ಪೂರ್ತಿ ಎತ್ತುತ್ತೆ. ನಮ್ಮ ರೈಸ್ ಮಿಲ್ಲಿನಲ್ಲಿ ಹೀಗೇ ಆಗಿ ರಾತ್ರಿಯಿಡೀ ಓಡಿತು, ನಡುವೆ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಹಾಳಾಗಿತ್ತು. ಹೊಸ ಬ್ಯಾಟರಿ 1,150ರಂತೆ ಆರು, ಹಳೇದಕ್ಕೆ ಗುಜರಿಯವನು ಕೊಟ್ಟದ್ದು 200. ಫಾಸ್ಟ್ ಸ್ಟಾರ್ಟಪ್ (ಅದಿದ್ದರೆ ವಿಂಡೋಸ್ ಪೂರ್ತಿ ಮುಚ್ಚಲ್ಲ) ಕೂಡ ಆಫ್ ಮಾಡಿಯೇ ಶಟ್‌ಡೌನ್ ಮಾಡಿ.

ಮಾನ್ವಿ ಟೀಚರ್ ಅವರೇ, ಯೂನಿಕೋಡ್ ಅನ್ನುವುದು ಸುಲಭ. ನನ್ನ ತಮ್ಮನದ್ದು ಡಿಟಿಪಿ ಅಂಗಡಿ. ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಕನ್ನಡ ಕೂರಲ್ಲ, ಹಳೇ ಫಾಂಟೇ ಗತಿ. ಮದುವೆ ಕಾರ್ಡ್ ನೀವು ಪ್ರಿಂಟ್ ಮಾಡಿ ಕೊಡುತ್ತೀರಾ?

ಮಾನ್ವಿ_ಟೀಚರ್
ಪೇಜ್‌ಮೇಕರ್ ನಿಂತು ಇಪ್ಪತ್ತು ವರ್ಷದ ಮೇಲಾಯಿತು ಸರ್. ನಿಮ್ಮ ತಮ್ಮನಿಗೋಸ್ಕರ ಕೊಪ್ಪಳದ ಮಕ್ಕಳು ಹಳೇ ಫಾಂಟ್ ಕಲಿಯಬೇಕಾ?

ಕೌಲ್_ಬಜಾರ್_ಸರ್ವಿಸ್
ಬ್ಯಾಟರಿ 1,150ಕ್ಕೆ ಕೊಟ್ಟವನು ನಿಮ್ಮನ್ನ ಚೆನ್ನಾಗಿ ಬೋಳಿಸಿದ್ದಾನೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹೋಲ್‌ಸೇಲ್ 800 ಒಳಗೆ.

ಬಿಸಿಲೂರು_ರಾಯಚೂರು
ಎಸ್‌ಪಿ ರೋಡ್ ಯಾಕ್ರೀ, ನಮಗೆ ಸಿಕಂದರಾಬಾದಿನ ಸಿಟಿಸಿ ಕಂಪ್ಯೂಟರ್ ಮಾರ್ಕೆಟ್ ಹತ್ತಿರ. ಅಲ್ಲಿ ಇನ್ನೂ ಕಮ್ಮಿ.

ಕೌಲ್_ಬಜಾರ್_ಸರ್ವಿಸ್
ಕಮ್ಮಿ ಸಿಗುವ ಊರಿಗೆ ಹತ್ತಿರ ಇದ್ದೂ ಸ್ವಿಚ್ಚಿಗೆ 6,800 ಕೊಟ್ಟಿರಲ್ಲ!