ಮಕ್ಕಳು ಕನ್ನಡ ಬಿಡ್ತಿದ್ದಾರೆ ಅಂದವರಿಗೆ ಮಾಂಗೆರೆಯ ಒಬ್ಬ ಮಂತ್ರಿಯ ಕಥೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ನ್ಯೂಜಿಲೆಂಡಿನ ನಮ್ಮ ಕನ್ನಡಿಗರ ಗುಂಪಿನಲ್ಲಿ ಇಬ್ಬರು ಎರಡು ಪ್ರಶ್ನೆ ಕೇಳಿದ್ದರು. ಒಬ್ಬರದು: ಮಗ ಶಾಲೆಗೆ ಸೇರಿದ ಮೇಲೆ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ, ಏನು ಮಾಡೋದು? ಇನ್ನೊಬ್ಬರದು: ಬಂದ ದೇಶದಲ್ಲಿ ರಾಜಕೀಯ ನಮಗ್ಯಾಕೆ, ಸುಮ್ನೆ ದುಡಿದುಕೊಂಡು ಇರೋದು ಒಳ್ಳೇದಲ್ವಾ? ಎರಡಕ್ಕೂ ನನಗೆ ನೆನಪಾಗುವುದು ಒಬ್ಬರೇ, ಮಾಂಗೆರೆಯ ಸಂಸದರಾಗಿ ಇಲ್ಲಿ ಮಂತ್ರಿಯೂ ಆಗಿದ್ದ ಔಪಿಟೊ ವಿಲಿಯಂ ಸಿಯೊ.

ನ್ಯೂಜಿಲೆಂಡಿಗೆ ಬಂದ ನಾವೆಲ್ಲ ಮೊದಲು ಕಾಲಿಟ್ಟಿದ್ದು ಅವರ ಕ್ಷೇತ್ರದಲ್ಲೇ. ಆಕ್ಲೆಂಡ್ ವಿಮಾನ ನಿಲ್ದಾಣ ಇರುವುದು ಮಾಂಗೆರೆಯಲ್ಲಿ. ಆ ಹೆಸರು ಕೇಳಿದಾಗೆಲ್ಲ ನಮ್ಮ ಕಡೆಯ ಯಾವುದೋ ಊರಿನ ಹೆಸರು ಕೇಳಿದ ಹಾಗೆ ಆಗುತ್ತದೆ ನನಗೆ.

ಸಿಯೊ ಹುಟ್ಟಿದ್ದು ಪೆಸಿಫಿಕ್ ಸಾಗರದ ದ್ವೀಪ ದೇಶ ಸಮೋವಾದಲ್ಲಿ, 1960ರಲ್ಲಿ. 1969ರಲ್ಲಿ ಮನೆಯವರ ಜೊತೆ ಇಲ್ಲಿಗೆ ಬಂದರು. ಆಗ ಇಲ್ಲಿನ ಕಾರ್ಖಾನೆಗಳಿಗೆ ಆಳು ಬೇಕಿತ್ತು, ಪೆಸಿಫಿಕ್ ದ್ವೀಪಗಳಿಂದ ಜನರನ್ನು ಕರೆಸಿಕೊಂಡರು. 1970ರ ದಶಕದಲ್ಲಿ ತೈಲ ಬೆಲೆ ಏರಿ ಕೆಲಸ ಕಡಿಮೆಯಾದಾಗ, ಅದೇ ಜನರ ಮೇಲೆ ತಪ್ಪು ಹೊರಿಸಿದರು. ವೀಸಾ ಮುಗಿದವರನ್ನು ಹುಡುಕುತ್ತೇವೆ ಅಂತ ಪೊಲೀಸರು ನಸುಕಿನಲ್ಲೇ ಮನೆಗಳಿಗೆ ನುಗ್ಗುತ್ತಿದ್ದರು. 1974ರಿಂದ 1976ರವರೆಗೆ ನಡೆದ ಈ ದಾಳಿಗಳನ್ನು ಇಲ್ಲಿ ‘ಡಾನ್ ರೇಡ್ಸ್’ ಅನ್ನುತ್ತಾರೆ. ಆಮೇಲೂ ಆ ಧೋರಣೆ ಹೋಗಲಿಲ್ಲ. 1980ರ ದಶಕದ ಒಂದು ಅಧ್ಯಯನದ ಪ್ರಕಾರ, ವೀಸಾ ಮೀರಿ ಉಳಿದವರಲ್ಲಿ ದ್ವೀಪದ ಜನ ಸುಮಾರು ಮೂರರಲ್ಲಿ ಒಂದು ಪಾಲು. ಆದರೆ ಕೇಸು ಬಿದ್ದವರಲ್ಲಿ 86% ಅವರೇ! ಬ್ರಿಟನ್, ಅಮೆರಿಕದಿಂದ ಬಂದವರೂ ಹೆಚ್ಚುಕಡಿಮೆ ಅಷ್ಟೇ ಜನ ಉಳಿದಿದ್ದರು. ಅವರ ಮೇಲೆ ಬಿದ್ದ ಕೇಸು 5% ಮಾತ್ರ.

ಸಿಯೊ ಅವರ ಮನೆಗೂ ಹಾಗೇ ನುಗ್ಗಿದ್ದರು. ಅಪ್ಪ ಸ್ವಂತ ಮನೆ ಕೊಂಡು ಹೆಚ್ಚು ದಿನ ಆಗಿರಲಿಲ್ಲ. ಮುಖಕ್ಕೆ ಟಾರ್ಚು, ಬಾಗಿಲಲ್ಲಿ ನಾಯಿ, ಏನೂ ಮಾಡಲಾಗದೆ ನಿಂತ ಅಪ್ಪ. 2021ರ ಜೂನ್‌ನಲ್ಲಿ, ಸರ್ಕಾರ ಕ್ಷಮೆ ಕೇಳಲಿದೆ ಅಂತ ಪ್ರಧಾನಿ ಜೆಸಿಂಡಾ ಆರ್ಡರ್ನ್ ಪ್ರಕಟಿಸಿದ ದಿನ, ಪಕ್ಕದಲ್ಲಿ ನಿಂತು ಇದನ್ನು ಹೇಳುತ್ತಾ ಅವರು ಅತ್ತುಬಿಟ್ಟರು. ಅರವತ್ತು ದಾಟಿದ ಮಂತ್ರಿ, ಸುಮಾರು 45 ವರ್ಷದ ಹಿಂದಿನ ಒಂದು ಬೆಳಗ್ಗೆ. ಅಪ್ಪನ ಅವಮಾನ ಮಕ್ಕಳ ಮನಸ್ಸಿನಲ್ಲಿ ಎಷ್ಟು ದಿನ ಉಳಿಯುತ್ತದೆ ನೋಡಿ.

ಆಗಸ್ಟ್ 1ರಂದು ಆಕ್ಲೆಂಡ್ ಟೌನ್ ಹಾಲ್‌ನಲ್ಲಿ ಆರ್ಡರ್ನ್ ‘ಇಫೋಗ’ಕ್ಕೆ ಕೂತರು. ಇದು ಸಮೋವಾದ ಪದ್ಧತಿ. ತಪ್ಪು ಮಾಡಿದವರು ನೊಂದವರ ಮುಂದೆ ನುಣುಪಾದ ಚಾಪೆ ಹೊದ್ದು ತಲೆ ಬಾಗಿಸಿ ಕೂರಬೇಕು. ನೊಂದವರು ಚಾಪೆ ತೆಗೆದರೆ ಕ್ಷಮಿಸಿದರು ಅಂತ ಅರ್ಥ. ಒಂದು ದೇಶದ ಪ್ರಧಾನಿ, ವಲಸೆ ಬಂದವರ ಪದ್ಧತಿಯಲ್ಲೇ ಕ್ಷಮೆ ಕೇಳಿದರು. ಟಿವಿ ಮುಂದೆ ನನ್ನ ಕಣ್ಣೂ ತುಂಬಿತ್ತು.

ಅಲ್ಲಿಗೆ ತಲುಪೋಕೆ ಸಿಯೊ ಅವರಿಗೆ ಇಪ್ಪತ್ತು ವರ್ಷ ಬೇಕಾಯಿತು. ಮೊದಲು ಆಕ್ಲೆಂಡಿನ ದಕ್ಷಿಣ ಭಾಗದ ಮನುಕಾವ್ ನಗರಸಭೆಯಲ್ಲಿ ಸದಸ್ಯರಾಗಿದ್ದರು. 2008ರಲ್ಲಿ ಲೇಬರ್ ಪಕ್ಷದಿಂದ ಸಂಸತ್ತಿಗೆ ಹೋದರು, ಅದೇ ವರ್ಷ ಮಾಂಗೆರೆ ಗೆದ್ದರು. ಅದಕ್ಕೂ ಮುಂಚೆ ಆ ಕ್ಷೇತ್ರದಲ್ಲಿದ್ದವರು ಟೈಟೊ ಫಿಲಿಪ್ ಫೀಲ್ಡ್, ದ್ವೀಪ ಮೂಲದ ಮೊದಲ ಸಂಸದ. ಲಂಚದ ಕೇಸಿನಲ್ಲಿ 2009ರಲ್ಲಿ ಅವರಿಗೆ ಜೈಲಾಯಿತು. ಅಂಥ ಕಡೆ ಜನರ ನಂಬಿಕೆ ಮತ್ತೆ ಗಳಿಸುವುದು ಸುಲಭ ಅಲ್ಲ. ಸಿಯೊ ಅಲ್ಲೇ ಗೆಲ್ಲುತ್ತಾ ಬಂದು 2023ರವರೆಗೂ ಸಂಸದರಾಗಿದ್ದರು. ಅವರ ಎಲ್ಲ ನಿಲುವೂ ನನಗೆ ಒಪ್ಪಿಗೆ ಅಂತಲ್ಲ. 2013ರಲ್ಲಿ ಸಲಿಂಗ ವಿವಾಹದ ಮಸೂದೆಗೆ ವಿರುದ್ಧವಾಗಿ ಮತ ಹಾಕಿದರು, ಅದು ನನಗೆ ಬೇಸರ ತಂದ ವಿಷಯ.

2017ರಲ್ಲಿ ಪೆಸಿಫಿಕ್ ಜನರ ಖಾತೆಯ ಮಂತ್ರಿಯಾದರು. ನಮಗೆ ಮುಖ್ಯವಾದದ್ದು ಇಲ್ಲಿದೆ. 2019ರ ಬಜೆಟ್‌ನಲ್ಲಿ ದ್ವೀಪಗಳ ಭಾಷೆ, ಸಂಸ್ಕೃತಿಗೆ 4 ವರ್ಷಕ್ಕೆ 2 ಕೋಟಿ ಡಾಲರ್ ಸಿಕ್ಕಿತು. 2022ರಲ್ಲಿ ಮುಂದಿನ ಹತ್ತು ವರ್ಷಕ್ಕೆ ಭಾಷಾ ಯೋಜನೆ ಬಂತು. ಈ ದೇಶದಲ್ಲೇ ಒಂದು ಲಕ್ಷಕ್ಕೂ ಜಾಸ್ತಿ ಜನ ಆಡುವ ಸಮೋವನ್‌ಗೂ ಇದು ಬೇಕು ಅಂದರೆ ಯೋಚಿಸಿ. ನಿಯುವೆ ದ್ವೀಪದಲ್ಲಿ ಎರಡು ಸಾವಿರ ಜನವೂ ಇಲ್ಲ, ನಿಯುವೆಯವರು ಬಹುಪಾಲು ಇಲ್ಲೇ ಇದ್ದಾರೆ. ಇಲ್ಲಿ ಅಳಿದುಹೋದರೆ ಆ ಭಾಷೆಗೆ ಬೇರೆ ದಿಕ್ಕಿಲ್ಲ.

ಕನ್ನಡಕ್ಕೂ ಅದೇ ಹಣ ಕೊಡಿ ಅನ್ನೋದು ನನ್ನ ಪ್ರಕಾರ ಸರಿಯಲ್ಲ. ಆ ದ್ವೀಪಗಳಿಗೂ ಈ ದೇಶಕ್ಕೂ ಇರುವ ನಂಟು ಬೇರೆ. ಸಮೋವಾವನ್ನು 1962ರವರೆಗೆ ನ್ಯೂಜಿಲೆಂಡೇ ಆಳಿತ್ತು. ನಮಗೆ ಕೋಟಿಗಟ್ಟಲೆ ಜನರ ತವರು ಇದೆ. ಆದರೆ ಸರ್ಕಾರದ ಹಣ ಬರುವ ಎಷ್ಟೋ ವರ್ಷ ಮೊದಲೇ ಸಮೋವಾದ ತಾಯಂದಿರು ಚರ್ಚ್‌ಗಳ ಆಸರೆಯಲ್ಲಿ ‘ಆಓಗ ಅಮಾಟ’ ಅನ್ನೋ ಶಿಶುವಿಹಾರಗಳನ್ನು ನಡೆಸುತ್ತಿದ್ದರು. ಅಲ್ಲಿ ಹಾಡು, ಊಟ, ಗದರಿಕೆ ಎಲ್ಲ ಸಮೋವನ್‌ನಲ್ಲೇ. ನಮಗೆ ಬೇಕಾದದ್ದು ಅದು.

ಪ್ರತಿ ವರ್ಷ ಮೇ ಕೊನೆ ಅಥವಾ ಜೂನ್ ಮೊದಲಿಗೆ ಶಾಲೆಗಳಲ್ಲಿ ಸಮೋವನ್ ಭಾಷಾ ವಾರ ಇರುತ್ತದೆ. ಹೋದ ವರ್ಷ ಮಗಳು ಮನೆಗೆ ಬಂದು ‘ತಾಲೋಫ ಲಾವ’ ಅಂದಳು. ನಮಸ್ಕಾರ ಅಂತ ಅರ್ಥವಂತೆ. “ಅಮ್ಮಾ, ನಮ್ಮ ವಾರ ಯಾವಾಗ?” ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನವೆಂಬರ್‌ನಲ್ಲಿ ಅವಳ ಟೀಚರ್ ಹತ್ತಿರ ಹೋಗಿ ಕನ್ನಡಕ್ಕೆ ಅರ್ಧ ಗಂಟೆ ಸಮಯ ಕೇಳಿದೆ, ಖುಷಿಯಿಂದ ಕೊಟ್ಟರು. ಮಕ್ಕಳೆಲ್ಲ ಚೀಟಿಯ ಮೇಲೆ ಅವರವರ ಹೆಸರನ್ನು ಕನ್ನಡದಲ್ಲಿ ಬರೆದರು. ಅವಳ ಪಕ್ಕ ಕೂರುವ ಟೋಂಗಾ ಹುಡುಗಿ ಆ ಚೀಟಿಯನ್ನು ಇನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾಳೆ.

ಈ ಸಲ ಒಂದು ತರಗತಿ ಸಾಲದು. ಪಾಪಟೊಯ್‌ಟೊಯ್, ಮನುಕಾವ್ ಕಡೆ ಇರುವವರು ಯಾರಾದರೂ ನಿಮ್ಮ ಮಕ್ಕಳ ಶಾಲೆಯಲ್ಲಿ ಕೇಳ್ತೀರಾ? ಅಕ್ಷರದ ಹಾಳೆಗಳು ನನ್ನ ಹತ್ತಿರ ಇವೆ. ಕಳಿಸುತ್ತೇನೆ.