ಬಲ ಕೊರೊನರಿ ಎಡ ಸೈನಸ್‌ನಿಂದ ಹುಟ್ಟಿದ್ದರೆ ಮುಂದೇನು?

ಪ್ರಶ್ನೆ: ರೋಗಿಗೆ 46 ವರ್ಷ, ಓಡುವಾಗ ಎದೆ ಬಿಗಿತ. ಸಿಟಿ ಆಂಜಿಯೋದಲ್ಲಿ ಬಲ ಕೊರೊನರಿ (ಹೃದಯಕ್ಕೇ ರಕ್ತ ಕೊಡುವ ಬಲಗಡೆಯ ನಾಳ) ಬಲ ಸೈನಸ್‌ (ಮಹಾಪಧಮನಿಯ ಬುಡದ ಉಬ್ಬು) ಬದಲು ಎಡ ಸೈನಸ್‌ನಿಂದ ಹೊರಟು ಎರಡು ಮಹಾನಾಳಗಳ (ಮಹಾಪಧಮನಿ, ಶ್ವಾಸಕೋಶದ ಅಪಧಮನಿ) ನಡುವೆ ಹಾದಿದೆ. ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್. ಬಿಟ್ಟುಬಿಡಬಹುದೇ?

ಉತ್ತರ 1: ಟ್ರೆಡ್‌ಮಿಲ್ ನಾರ್ಮಲ್ ಅಂದಮಾತ್ರಕ್ಕೆ ನಿರಾಳವಾಗಬೇಡಿ. ಸಿಟಿಯನ್ನೇ ಮತ್ತೆ ತೆರೆದು ನೋಡಿ: ನಾಳದ ಬಾಯಿ ಸೀಳಿನಂತಿದೆಯೇ, ಮಹಾಪಧಮನಿಯ ಗೋಡೆಯೊಳಗೆ ಎಷ್ಟು ಮಿಲಿಮೀಟರ್ ಓಡಿದೆ, ಅಡ್ಡಕೊಯ್ತದಲ್ಲಿ ದುಂಡೋ ಚಪ್ಪಟೆಯೋ. ಆಮೇಲೆ ಡೊಬ್ಯುಟಮಿನ್ ಸ್ಟ್ರೆಸ್ ಇಮೇಜಿಂಗ್ (ವ್ಯಾಯಾಮದಂತೆ ಹೃದಯವನ್ನು ಜೋರಾಗಿ ಬಡಿಸುವ ಔಷಧಿ ಕೊಟ್ಟು ತೆಗೆಯುವ ಚಿತ್ರ). ಇಂಥ ಪರೀಕ್ಷೆಯ ಇನ್ನೊಂದು ಔಷಧಿ ಅಡೆನೊಸಿನ್ ನಾಳ ಹಿಗ್ಗಿಸುತ್ತದಷ್ಟೇ; ವ್ಯಾಯಾಮದಲ್ಲಿ ಆಗುವ ನಾಳದ ಹಿಂಡುವಿಕೆ ಅದರಲ್ಲಿ ತಪ್ಪಿಹೋಗಬಹುದು. ಅಲ್ಲಿಯವರೆಗೆ ಓಟ ಬಂದ್.

ಉತ್ತರ 2: ಇಸ್ಕೀಮಿಯಾ (ಹೃದಯದ ಸ್ನಾಯುವಿಗೆ ರಕ್ತದ ಕೊರತೆ) ಸಾಬೀತಾಗಿ, ಗೋಡೆಯೊಳಗಿನ ಭಾಗ ಉದ್ದವಿದ್ದರೆ ಅನ್‌ರೂಫಿಂಗ್ (ಆ ಭಾಗವನ್ನು ಮಹಾಪಧಮನಿಯ ಒಳಗಿನಿಂದ ತೆರೆಯುವ ಶಸ್ತ್ರಚಿಕಿತ್ಸೆ). ಆ ಭಾಗ ಕಮಿಷರ್‌ಗಿಂತ (ಮಹಾಪಧಮನಿ ಕವಾಟದ ಎರಡು ಎಸಳು ಗೋಡೆಗೆ ಸೇರುವ ಜಾಗ) ಕೆಳಗಿದ್ದರೆ ಎಚ್ಚರ. ಕಮಿಷರ್ ಬಿಡಿಸಿದರೆ ಕವಾಟ ಸೋರೀತು. ಬೈಪಾಸ್ ಒಂದನ್ನೇ ನೆಚ್ಚಬೇಡಿ: ವಿಶ್ರಾಂತಿಯಲ್ಲಿ ಮೂಲನಾಳವೇ ಚೆನ್ನಾಗಿ ಹರಿಯುವುದರಿಂದ ಗ್ರಾಫ್ಟ್ (ಬೈಪಾಸ್‌ಗೆ ಜೋಡಿಸಿದ ನಾಳ) ಮುಚ್ಚಿಹೋಗಬಹುದು.

ಉತ್ತರ 3: ಈ ವಯಸ್ಸಿಗೆ ಮಾಮೂಲಿ ಪ್ಲಾಕ್ (ನಾಳದ ಗೋಡೆಯ ಕೊಬ್ಬಿನ ಗಡ್ಡೆ) ಕೂಡ ಕಾರಣವಿರಬಹುದು, ಅದೇ ಸಿಟಿಯಲ್ಲಿ ಹುಡುಕಿ.