44ನೇ ವಯಸ್ಸಿನಲ್ಲಿ ಕೆಲಸ ಬಿಟ್ಟು ಪರ್ವತ ಗೈಡ್ ಆಗಬಹುದಾ?

ಪ್ರಶ್ನೆ:
ಇಪ್ಪತ್ತು ವರ್ಷ ಲೆಕ್ಕಪತ್ರ ನೋಡಿಕೊಂಡು ಬಂದಿದ್ದೇನೆ. ರಜೆ ಸಿಕ್ಕಾಗಲೆಲ್ಲ ಬೆಟ್ಟಕ್ಕೆ ಹೋಗ್ತೇನೆ. 5000 ಮೀಟರ್ ದಾಟಿದ ಎರಡು ಶಿಖರ ಹತ್ತಿದ್ದೇನೆ. ಈಗ ಅದನ್ನೇ ಕೆಲಸ ಮಾಡಿಕೊಳ್ಳೋ ಆಸೆ ಬಲವಾಗಿದೆ. ತಡವಾಯ್ತಾ? ಮಂಡಿ ತಡೆಯುತ್ತಾ?

ಉತ್ತರ 1:
ನಾನು 41ಕ್ಕೆ ಶುರು ಮಾಡಿದೆ, ಈಗ 49. ತಡ ಆಗಿಲ್ಲ. ಮಂಡಿಗೆ ಕಷ್ಟ ಕೊಡೋದು ಏರು ಅಲ್ಲ, ಇಳಿಜಾರು. ಈಗಿನಿಂದಲೇ ಬೆನ್ನಿಗೆ ಭಾರ ಹೊತ್ತು ಇಳಿಯೋದನ್ನು ಅಭ್ಯಾಸ ಮಾಡಿ.

ಯಾವ ಥರದ ಗೈಡ್ ಆಗ್ತೀರಿ ಅನ್ನೋದು ಮೊದಲು ತೀರ್ಮಾನ ಆಗಲಿ. 1965ರಲ್ಲಿ ಶುರುವಾದ, ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಎಂಜಿಎಯ ಬ್ಯಾಡ್ಜ್ ಬೇಕಾದರೆ ಬಂಡೆ, ಹಿಮಪರ್ವತ, ಸ್ಕೀಯಿಂಗ್ ಮೂರೂ ಕಲಿಯಬೇಕು. ವರ್ಷಗಳೇ ಹಿಡಿಯುತ್ತವೆ. ನಾನು ಚಾರಣದ ದಾರಿ ಹಿಡಿದೆ.

ಆದರೆ ಚೆನ್ನಾಗಿ ಹತ್ತೋದೇ ಬೇರೆ, ಈ ಕೆಲಸವೇ ಬೇರೆ. ನನ್ನ ಎರಡನೇ ವರ್ಷ, 4200 ಮೀಟರ್ ಕ್ಯಾಂಪ್. ಒಬ್ಬರು ಎಲ್ಲರಿಗಿಂತ ಕೊನೆಗೆ ಬಂದರು. ಊಟ ಬೇಡ, ಸ್ವಲ್ಪ ತಲೆನೋವು, ಮಲಗ್ತೀನಿ ಅಂದರು. ಶೂ ಬಿಚ್ಚಲು ಕೂತರು. ಲೇಸಿನ ಗಂಟು ಬಿಚ್ಚೋಕೆ ಬೆರಳು ಮಾತು ಕೇಳ್ತಿಲ್ಲ! ಎಬ್ಬಿಸಿ, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೇರ ನಡೆಯಲು ಹೇಳಿದೆ. ಮೂರನೇ ಹೆಜ್ಜೆಗೆ ವಾಲಿದರು. ಎತ್ತರಕ್ಕೆ ಮೆದುಳು ಊದಿಕೊಳ್ಳೋ ಲಕ್ಷಣ ಅದು. ಬೆಳಗ್ಗೆ ನೋಡೋಣ ಅನ್ನೋ ಹಾಗಿಲ್ಲ, ತಕ್ಷಣ ಇಳಿಸಬೇಕು. ಟಾರ್ಚ್ ಬೆಳಕಲ್ಲಿ ನಾಲ್ಕು ಗಂಟೆ ಇಳಿದೆವು. ಬೆಳಗ್ಗೆ ಅವರೇ ಲೇಸ್ ಕಟ್ಟಿಕೊಳ್ಳೋದನ್ನು ನೋಡಿದಾಗ ನನ್ನ ಕಣ್ಣು ತುಂಬಿತು.

ತಪ್ಪು ನನ್ನದೇ ಇತ್ತು. 3000 ಮೀಟರ್ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಗುಂಪಿನ ಉತ್ಸಾಹ ನೋಡಿ ಅವತ್ತು 800 ಏರಿಸಿದ್ದೆ. ಆಮೇಲೆ ಯಾರು ಎಷ್ಟೇ ಗೋಗರೆದರೂ ಆ ಲೆಕ್ಕ ಮೀರಿಲ್ಲ.

ಉತ್ತರ 2:
ಈಗಲೇ ರಾಜೀನಾಮೆ ಕೊಡಬೇಡಿ. ಮೊದಲು ದೂರದ ಜಾಗಗಳಿಗೆ ಅಂತಲೇ ಇರೋ ಪ್ರಥಮ ಚಿಕಿತ್ಸೆಯ ಕೋರ್ಸ್ ಮಾಡಿ. ಒಂದು ಸೀಸನ್ ಯಾರಾದರೂ ಅನುಭವಿ ಗೈಡ್‌ಗೆ ಸಹಾಯಕರಾಗಿ. ಸಹಾಯಕರು ಗುಂಪಿನ ಕೊನೆಯಲ್ಲಿ, ಎಲ್ಲರಿಗಿಂತ ನಿಧಾನದವರ ಜೊತೆ ನಡೀಬೇಕು. ಅದು ಹಿಡಿಸುತ್ತಾ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ನಿಜ ಹೇಳ್ತೀನಿ, ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ಗುಂಪಿನ ಕೊನೆಯಲ್ಲಿ ನಡೆದಿಲ್ಲ. ಮುಂದಿನ ರಜೆಯಲ್ಲಿ ಅಲ್ಲಿಂದಲೇ ಶುರು ಮಾಡ್ತೀನಿ.